ಗುಡಿಸಿದ್ದನ್ನು ಮತ್ತೆ ಸುರಿಯುವ ಬಾಬು

ಚೆನ್ನೈನ ಬೆಸೆಂಟ್ ನಗರಕ್ಕೆ ಇನ್ನೂ ಹಾಲಿನ ವ್ಯಾನು ಬಂದಿಲ್ಲ. ಜೂನ್ ತಿಂಗಳಾದರೂ ಈ ಹೊತ್ತಿಗೆ ಸಮುದ್ರದ ಗಾಳಿ ಸ್ವಲ್ಪ ತಣ್ಣಗಿದೆ. ಖಾಸಗಿ ಶಾಲೆಯೊಂದರ ಫುಟ್‌ಬಾಲ್ ಮೈದಾನದ ಅಂಚಿನಲ್ಲಿ, ಲುಂಗಿ ಎತ್ತಿ ಕಟ್ಟಿದ ಒಬ್ಬರು ಕುಕ್ಕರಗಾಲಿನಲ್ಲಿ ಕೂತು ರವೆ ಜರಡಿ ಆಡಿಸುತ್ತಿದ್ದಾರೆ. ಜರಡಿಯಲ್ಲಿರುವುದು ರವೆಯಲ್ಲ, ಸಾಸಿವೆಗಿಂತ ತುಸು ದಪ್ಪನೆಯ ಕಪ್ಪು ರಬ್ಬರ್ ಕಾಳು. ಬೀಚಿನಿಂದ ಹಾರಿ ಬಂದ ಮರಳು ಕೆಳಗೆ ಉದುರುತ್ತದೆ, ರಬ್ಬರ್ ಮೇಲೆ ಉಳಿಯುತ್ತದೆ. ಉಳಿದದ್ದನ್ನು ಬಕೆಟ್ಟಿಗೆ ಸುರಿದು, ಮಂಡಿ ಹಿಡಿದುಕೊಂಡು ಅವರು ನಿಧಾನವಾಗಿ ಏಳುತ್ತಾರೆ.

ಇವರು ಬಾಬು. ವಯಸ್ಸು ಐವತ್ತರ ಆಸುಪಾಸು, ಊರು ಕಾರ್ಕಳದ ಹತ್ತಿರ. ಶಾಲೆಯ ಬಣ್ಣದ ಪುಸ್ತಿಕೆಯ ಮುಖಪುಟದಲ್ಲಿ ಈ ಹಸಿರು ಮೈದಾನದ ಚಿತ್ರವಿದೆ. ಅದನ್ನು ನೋಡಿಕೊಳ್ಳುವವರ ಹೆಸರು ಹುಡುಕಿದರೆ ಯಾವ ಪುಟದಲ್ಲೂ ಸಿಗುವುದಿಲ್ಲ.

ಇದು ನೆಲದಲ್ಲಿ ಬೆಳೆದ ಹುಲ್ಲಲ್ಲ. ಪ್ಲಾಸ್ಟಿಕ್ ಎಳೆಗಳ ಹಾಸು. ಎಳೆಗಳ ನಡುವೆ ಈ ರಬ್ಬರ್ ಕಾಳು ತುಂಬಿರಬೇಕು. ಎಳೆ ನೆಟ್ಟಗೆ ನಿಲ್ಲುವುದು, ಬಿದ್ದ ಮಕ್ಕಳಿಗೆ ಪೆಟ್ಟು ಕಡಿಮೆಯಾಗುವುದು ಅದರಿಂದ. ಆದರೆ ಮಕ್ಕಳ ಶೂಗಳಲ್ಲಿ, ಮಳೆಯ ನೀರಿನಲ್ಲಿ ಅದು ದಿನವೂ ಇಷ್ಟಿಷ್ಟು ಹೊರಗೆ ಹೋಗುತ್ತದೆ. ಚರಂಡಿಯ ಬಾಯಲ್ಲಿ, ಗೋಡೆಯ ಬುಡದಲ್ಲಿ, ನಲ್ಲಿಯ ಕೆಳಗೆ ಅದನ್ನು ಹುಡುಕಿ, ತೊಳೆದು, ಜರಡಿ ಹಿಡಿದು, ತೆಳುವಾದ ಜಾಗಕ್ಕೆ ಹಾಕಿ, ಗಟ್ಟಿ ಪೊರಕೆಯಿಂದ ಒಳಗೆ ಇಳಿಸುತ್ತಾರೆ ಬಾಬು. ಈ ಕೆಲಸವನ್ನು ಅವರಿಗೆ ಯಾರೂ ಒಪ್ಪಿಸಿಲ್ಲ.

ಗೇಟಿನ ಹತ್ತಿರ ಒಂದು ಹಳೆಯ ಬಿಸ್ಕೆಟ್ ಡಬ್ಬ ಇಟ್ಟಿದ್ದಾರೆ. ಆಟ ಮುಗಿಸಿ ಹೋಗುವ ಮಕ್ಕಳೆಲ್ಲ ಶೂ ಬಿಚ್ಚಿ ಅದರೊಳಗೆ ಕೊಡವಿಯೇ ಹೋಗಬೇಕು. ದೇವಸ್ಥಾನದ ಕಾಣಿಕೆ ಡಬ್ಬಿಗೆ ಇಲ್ಲಿನವರು ಉಂಡಿಯಲ್ ಅನ್ನುತ್ತಾರೆ. ಮಕ್ಕಳು ಈ ಡಬ್ಬಕ್ಕೂ ಅದೇ ಹೆಸರಿಟ್ಟಿದ್ದಾರೆ. "ಬಾಬಣ್ಣಾ, ಉಂಡಿಯಲ್ ಫುಲ್!" ಎಂದು ಕೂಗಿ ಓಡುತ್ತಾರೆ. ಬಾಬು ನಗುತ್ತಾರೆ, ಆದರೆ ಕೊಡವದೆ ಹೋಗುವವರನ್ನು ಬಿಡುವುದಿಲ್ಲ.

"ದೇವರ ಉಂಡಿಯಲ್‌ಗೆ ಹಾಕದಿದ್ರೂ ನಡೀತದೆ. ಇದಕ್ಕೆ ಹಾಕ್ಲೇಬೇಕು," ಎನ್ನುತ್ತಾರೆ.

ಬಾಬು ಮದರಾಸಿಗೆ ಬಂದಾಗ ಮೀಸೆ ಮೂಡಿರಲಿಲ್ಲ. ಪ್ಯಾರೀಸ್ ಕಾರ್ನರಿನಲ್ಲಿ ನಮ್ಮ ಕರಾವಳಿಯವರ ಒಂದು ಸಸ್ಯಾಹಾರಿ ಹೋಟೆಲು. ಅಲ್ಲಿ ಟೇಬಲ್ ಒರೆಸುವುದರಿಂದ ಶುರುಮಾಡಿ, ಕೊನೆಗೆ ಇಡೀ ಹೋಟೆಲಿನ ಸ್ವಚ್ಛತೆ ಅವರ ಕೈಗೆ ಬಂತು. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ನೆಲದ ಮೇಲೆ ಒಂದು ಅನ್ನದ ಅಗುಳು ಕಂಡರೂ ಧಣಿಗಳು ಒಳಗೆ ಕಾಲಿಡುತ್ತಿರಲಿಲ್ಲವಂತೆ. ವರ್ಷಗಟ್ಟಲೆ ನಿಂತು ನಿಂತು ಕಾಲಿನ ನರ ಉಬ್ಬಿದಾಗ, ಧಣಿಗಳ ಹೆಂಡತಿ ಸುಗುಣಾ ಅವರು ಮಗಳು ಓದುತ್ತಿದ್ದ ಈ ಶಾಲೆಯಲ್ಲಿ ಹೇಳಿ ಕೆಲಸ ಕೊಡಿಸಿದರು. ಅದು 2005, ಈಗ್ಗೆ ನಾಲ್ಕು ವರ್ಷದ ಹಿಂದೆ. ಮೈದಾನಕ್ಕೆ ಹೊಸ ಹಾಸು ಹಾಕಿ ಆಗಷ್ಟೇ ಮುಗಿದಿತ್ತು.

ಹಾಸು ಹಾಕಿದ ಕಂಪನಿಯವರು ಅದನ್ನು ನೋಡಿಕೊಳ್ಳುವ ರೀತಿಯನ್ನು ಶಾಲೆಯ ದೊಡ್ಡವರಿಗೆ ಇಂಗ್ಲಿಷಿನಲ್ಲಿ ವಿವರಿಸಿ, ಕಾಫಿ ಕುಡಿದು ಹೋದರು. ದೊಡ್ಡವರು ಪಿ.ಟಿ. ಮಾಸ್ಟರಿಗೆ ಹೇಳಿದರು. ಮಾಸ್ಟರು ಬಾಬುವಿಗೆ ಹೇಳಿದ್ದು ಒಂದೇ ಮಾತು: "ಸುತ್ತಮಾ ವೆಚ್ಚುಕ್ಕೋ." ಸ್ವಚ್ಛವಾಗಿ ಇಟ್ಟುಕೋ ಎಂದು. ಗುಡಿಸುವವನಿಗೆ ಇದಕ್ಕಿಂತ ಹೆಚ್ಚು ಏನು ಹೇಳುವುದು ಅಂದುಕೊಂಡಿರಬೇಕು.

ಹೋಟೆಲಿನ ನೆಲ ಕಾಯ್ದ ಕಣ್ಣಿಗೆ ಹಸಿರು ಹಾಸಿನ ಮೇಲಿನ ಕಪ್ಪು ಕಾಳು ಏನಾಗಿ ಕಂಡಿರಬಹುದು ಎಂದು ಯಾರಾದರೂ ಊಹಿಸಬಹುದಿತ್ತು. ಬಾಬು ಅದನ್ನು ಕಸ ಅಂದುಕೊಂಡರು. ದಿನವೂ ಬೆಳಿಗ್ಗೆ ಬೆನ್ನು ಬಗ್ಗಿಸಿ ಗುಡಿಸಿದರು. ಎಳೆಗಳ ಒಳಗೆ ಕೂತದ್ದನ್ನೂ ಕೆದಕಿ ತೆಗೆದರು. ಮೂಟೆ ಕಟ್ಟಿ ಕಾರ್ಪೊರೇಷನ್ ತೊಟ್ಟಿಗೆ ಹಾಕಿದರು. ಮೈದಾನ ಎಷ್ಟು ಚೆನ್ನಾಗಿದೆ ಎಂದು ಬಂದವರೆಲ್ಲ ಹೊಗಳಿದರು. ಒಂದು ವರ್ಷ ಹೀಗೇ ನಡೆಯಿತು.

ಸುಗುಣಾ ಅವರ ಮಗಳು ನಿಶ್ಮಿತಾಳಿಗೆ ಆಗ ಹದಿನೈದು. ಶಾಲೆಯ ಹುಡುಗಿಯರ ತಂಡದಲ್ಲಿ ಅವಳ ಕಾಲಿಗೆ ಚೆಂಡು ಸಿಕ್ಕಿತೆಂದರೆ ಎದುರಿನವರು ಪರದಾಡುತ್ತಿದ್ದರಂತೆ. ರಾಜ್ಯದ ಕಿರಿಯರ ಶಿಬಿರಕ್ಕೆ ಅವಳ ಹೆಸರು ಹೋಗಿತ್ತು. ಆಗಸ್ಟ್‌ನ ಒಂದು ಸಂಜೆ, ಸಮುದ್ರದ ಕಡೆಯ ಗೋಲಿನ ಮುಂದೆ, ಚೆಂಡಿನೊಂದಿಗೆ ಅವಳು ತಿರುಗಿದಳು. ದೇಹ ತಿರುಗಿತು, ಪಾದ ತಿರುಗಲಿಲ್ಲ. ಹತ್ತಿರ ಯಾರೂ ಇರಲಿಲ್ಲ, ಯಾರೂ ಮುಟ್ಟಿರಲಿಲ್ಲ.

"ನಾನು ಗೆರೆಯ ಹತ್ರವೇ ನಿಂತಿದ್ದೆ. ಹಪ್ಪಳ ಮುರಿದ ಹಾಗೆ ಶಬ್ದ ಕೇಳಿತು. ಮಗು ಅಳಲಿಲ್ಲ ಮೇಡಂ, ಮಂಡಿ ಹಿಡ್ಕೊಂಡು ನನ್ನನ್ನೇ ನೋಡಿತು. ಎತ್ತಿಕೊಂಡು ಓಡಿದೆ," ಎನ್ನುತ್ತಾರೆ ಬಾಬು.

ಮಂಡಿಯೊಳಗೆ ಎಲುಬುಗಳನ್ನು ಹಿಡಿದಿಡುವ ಅಸ್ಥಿರಜ್ಜು ಹರಿದಿತ್ತು. ಶಸ್ತ್ರಚಿಕಿತ್ಸೆಯಾಯಿತು. ಶಿಬಿರ ಕೈತಪ್ಪಿತು.

ಎರಡು ತಿಂಗಳ ಮೇಲೆ ಕಂಪನಿಯ ಒಬ್ಬರು ಮೈದಾನ ನೋಡಲು ಬಂದರು. ಗೋಲಿನ ಮುಂದೆ ಕೂತು, ಎಳೆಗಳನ್ನು ಬೆರಳಿನಿಂದ ಬಿಡಿಸಿ ನೋಡಿ, ಇಲ್ಲಿನ ರಬ್ಬರೆಲ್ಲ ಎಲ್ಲಿ ಹೋಯಿತು ಎಂದು ತಮಿಳಿನಲ್ಲಿ ಕೇಳಿದರು. ತನ್ನ ಕೆಲಸ ಹೇಳಿಕೊಳ್ಳಲು ಒಂದು ಅವಕಾಶ ಸಿಕ್ಕಿತೆಂದು ಬಾಬುವಿಗೆ ಸಂತೋಷವೇ ಆಯಿತು.

"ದಿನಾ ಗುಡಿಸ್ತೇನೆ ಸಾರ್, ಒಂದು ದಿನ ತಪ್ಪಿಸ್ಲಿಲ್ಲ ಅಂದೆ. ಎದೆ ಉಬ್ಬಿಸಿ ಹೇಳಿದ್ದು. ಅವರು ನನ್ನ ಮುಖ ನೋಡಿದ್ರು. ಆಮೇಲೆ ಮೆಲ್ಲ ಹೇಳಿದ್ರು, ಅದು ಕಸ ಅಲ್ಲಪ್ಪಾ, ಅದೇ ಮೆತ್ತೆ ಅಂತ."

ಅಂದು ಸಂಜೆಯೇ ಬಾಬು ಬಸ್ಸು ಹತ್ತಿ ಪ್ಯಾರೀಸ್ ಕಾರ್ನರಿಗೆ ಹೋದರು. ಗಲ್ಲಾದಲ್ಲಿ ಸುಗುಣಾ ಕೂತಿದ್ದರು. ಬಾಬು ಗಿರಾಕಿಗಳ ಎದುರೇ ಎಲ್ಲ ಹೇಳಿದರು. ಸುಗುಣಾ ಯಾರಿಗೋ ಚಿಲ್ಲರೆ ಕೊಟ್ಟು, "ಊಟ ಆಯ್ತಾ ಬಾಬು?" ಎಂದು ಕೇಳಿದರಂತೆ. "ಬೈದಿದ್ರೆ ಒಳ್ಳೆದಿತ್ತು. ಆ ಊಟ ಅರ್ಧಕ್ಕೇ ಬಿಟ್ಟು ಎದ್ದೆ," ಎನ್ನುತ್ತಾರೆ ಬಾಬು.

ನಾನು ಸುಗುಣಾ ಅವರನ್ನೂ ಕೇಳಿದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಅವನಿಗೆ ಎಂತ ಬೈಯುದು? ನೆಲದಲ್ಲಿ ಒಂದು ಕಾಳು ಇರ್ಬಾರ್ದು ಅಂತ ಕಲಿಸಿದ್ದು ಯಾರು? ನಾವೇ ಅಲ್ವಾ."

ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ಇದೇ ಕಾರಣವೆಂದು ಹೇಳಲು ಒಪ್ಪಲಿಲ್ಲ. ಶೂ ಇರಬಹುದು, ದಣಿವು ಇರಬಹುದು, ತಿರುಗಿದ ರೀತಿ ಇರಬಹುದು. ಹುಡುಗಿಯರ ಮಂಡಿಗೆ ಇಂಥ ಅಪಾಯ ಹುಡುಗರಿಗಿಂತ ಹೆಚ್ಚು. ರಬ್ಬರಿಲ್ಲದೆ ಗಟ್ಟಿಯಾದ, ಶೂ ಸಿಕ್ಕಿಕೊಳ್ಳುವ, ಒಂದೇ ಸಮ ಇಲ್ಲದ ಹಾಸೂ ಒಂದು ಕಾರಣ ಆಗಿರಬಹುದು. ಈ "ಇರಬಹುದು" ಬಾಬುವನ್ನು ಹಿಂಡುತ್ತಿದೆ.

"ಹೌದು ಅಂದಿದ್ರೆ ಒಂದು, ಅಲ್ಲ ಅಂದಿದ್ರೆ ಒಂದು. ಹೇಳ್ಲಿಕ್ಕಾಗುದಿಲ್ಲ ಅಂದ್ರೆ ನಾನು ಎಂತ ಮಾಡುದು ಮಾರಾಯ್ರೆ? ಮಾಡಿದ್ದುಣ್ಣೋ ಮಾರಾಯ ಅಂತಾರಲ್ಲ. ಇಲ್ಲಿ ಮಾಡಿದ್ದು ನಾನು, ಉಣ್ಣುದು ಆ ಮಗು."

ಇಲ್ಲಿ ನನಗೆ ಸಿಟ್ಟು ಬರುತ್ತದೆ. ಮಾಡಿದ್ದು ಬಾಬು ಒಬ್ಬರೇ ಅಲ್ಲ. ಹೇಳಬೇಕಾದವರು ಹೇಳಲಿಲ್ಲ, ನೋಡಬೇಕಾದವರು ಮೈದಾನಕ್ಕೆ ಇಳಿದು ನೋಡಲಿಲ್ಲ. ಅವರೆಲ್ಲ ಈಗಲೂ ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ. ಹೊಸ ರಬ್ಬರಿನ ಮೂಟೆಗಳು ಶಾಲೆಗೆ ಬಂದದ್ದು ಒಮ್ಮೆ ಮಾತ್ರ. ಆಮೇಲೆ ಕೇಳಿದಾಗಲೆಲ್ಲ ಮುಂದಿನ ವರ್ಷ ಎಂಬ ಉತ್ತರ. ಅದಕ್ಕೇ ಈ ಜರಡಿ. ಅದೂ ಸುಗುಣಾ ಅವರ ಹೋಟೆಲಿನ ಅಡುಗೆಮನೆಯದೇ.

ಒಂಬತ್ತರ ಹೊತ್ತಿಗೆ ಹಾಸು ಬರಿಗಾಲಿಡಲಾಗದಷ್ಟು ಕಾಯುತ್ತದೆ. ಬಾಬು ಪೈಪ್ ಎಳೆದು ನೀರು ಹಾಯಿಸುತ್ತಾರೆ. ಮಕ್ಕಳು ಕಸರತ್ತಿನಿಂದ ಮೈ ಬಿಸಿ ಮಾಡಿಕೊಳ್ಳದೆ ಓಡಲು ಶುರುಮಾಡಿದರೆ ಪೊರಕೆ ಅಡ್ಡ ಹಿಡಿದು ನಿಲ್ಲಿಸುತ್ತಾರೆ. ಮಾಸ್ಟರು ಈಗ ಅದಕ್ಕೆ ಏನೂ ಅನ್ನುವುದಿಲ್ಲ.

ಬರುವ ಭಾನುವಾರ ಇಲ್ಲಿ ಕಿರಿಯ ಹುಡುಗಿಯರ ಪಂದ್ಯವಿದೆ. ಅವರಿಗೆ ಬೀಳುವುದು, ತಿರುಗುವುದು ಹೇಳಿಕೊಡಲು ಬಾ ಎಂದು ಮಾಸ್ಟರು ನಿಶ್ಮಿತಾಳನ್ನು ಕರೆದಿದ್ದಾರೆ. ಅವಳಿಗೀಗ ಹದಿನೆಂಟು, ಬಿ.ಕಾಂ. ಓದುತ್ತಾಳೆ. ಮಂಡಿ ಗಟ್ಟಿಯಾಗಿದೆ, ಆಡಬಹುದು ಎಂದು ವೈದ್ಯರು ಹೇಳಿ ಬಹಳ ದಿನವಾಯಿತು. ಆದರೆ ಆ ಆಗಸ್ಟ್‌ನ ನಂತರ ಅವಳು ಈ ಗೇಟು ದಾಟಿಲ್ಲ. ಸಂಜೆ ಹೋಟೆಲಿನ ಗಲ್ಲಾದಲ್ಲಿ ಅಮ್ಮನ ಪಕ್ಕ ಕೂರುತ್ತಾಳೆ. ಬಾಬಣ್ಣನ ಮೇಲೆ ಕೋಪವಿದೆಯೇ ಎಂದು ಕೇಳಿದೆ.

"ಕೋಪಂ ಎಲ್ಲಾಂ ಒಣ್ಣುಮಿಲ್ಲೆ ಅಕ್ಕಾ. ಬಾಬಣ್ಣ ನಮ್ಮ ಮನೆಯವ್ರೇ." ಕೋಪವೇನೂ ಇಲ್ಲವೆಂದು ಅರ್ಧ ತಮಿಳಿನಲ್ಲಿ ಹೇಳಿ, ಕೈಯಲ್ಲಿದ್ದ ಬಿಲ್ಲನ್ನು ಕಡ್ಡಿಗೆ ಚುಚ್ಚಿದಳು. "ಆದ್ರೆ ಆ ಗ್ರೌಂಡ್ ಮಾತ್ರ ವೇಂಡಾಂ, ಬೇಡವೇ ಬೇಡ."

ಭಾನುವಾರಕ್ಕೆ ಬರುತ್ತೀಯಾ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಬಾಬು ಕೂಡ ಅವಳನ್ನು ಒಮ್ಮೆಯೂ ಕೇಳಿಲ್ಲ. ಅವರು ಬೇರೆ ಕಡೆಗೆಲ್ಲ ಪೊರಕೆಯಿಂದ ರಬ್ಬರ್ ಹರಡುತ್ತಾರೆ. ಸಮುದ್ರದ ಕಡೆಯ ಗೋಲಿನ ಮುಂದೆ ಮಾತ್ರ ಮಂಡಿಯೂರಿ ಕೂತು, ಹಿಡಿ ಹಿಡಿಯಾಗಿ ಹಾಕಿ, ಅಂಗೈಯಿಂದ ಒತ್ತುತ್ತಾರೆ. ದಿನದ ಕೊನೆಯ ಹಿಡಿ ಅಲ್ಲಿಗೇ.

ಏನಾದರೂ ಆಸೆ ಇದೆಯೇ ಎಂದು ಹೊರಡುವಾಗ ಕೇಳುತ್ತೇನೆ. ಬಾಬು ಕೈಗೆ ಅಂಟಿದ ಕಾಳುಗಳನ್ನು ಒಂದೂ ಬಿಡದೆ ಬಕೆಟ್ಟಿಗೆ ಉದುರಿಸುತ್ತಾರೆ.

"ಆಸೆ ಎಂತ ಮೇಡಂ. ನಿಶ್ಮಿ ಒಮ್ಮೆ ಬರ್ಬೇಕು. ಆಡದಿದ್ರೂ ಅಡ್ಡಿಲ್ಲ. ಇಲ್ಲೇ, ಇದೇ ಜಾಗದಲ್ಲಿ ಒಮ್ಮೆ ಬೀಳ್ಬೇಕು. ಬಿದ್ದು, ಬಟ್ಟೆ ಕೊಡವಿ, ಎದ್ದು, ನಡ್ಕೊಂಡು ಮನೆಗೆ ಹೋಗ್ಬೇಕು." ಗೇಟಿನ ಕಡೆ ನೋಡುತ್ತಾರೆ. "ಹೋಗುವಾಗ ಶೂ ಮಾತ್ರ ಆ ಡಬ್ಬಕ್ಕೆ ಕೊಡವಿ ಹೋಗ್ಲಿ."