ಅರಬೈಲಿನ ಬಲ ತಿರುವುಗಳು

ಡಿಸೆಂಬರ್‌ನ ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ ಹುಬ್ಬಳ್ಳಿ ಹತ್ತಿರದ ನಮ್ಮೂರು ಸುಳ್ಳದಿಂದ ಹೊರಟೆವು. ಮೋಟಾರ್‌ಸೈಕಲ್ ಕಾಕಾನದು, ಓಡಿಸುವವಳು ನಾನು. ಇಪ್ಪತ್ತೆಂಟು ವರ್ಷದ ಆ ಗಾಡಿಯ ಹಿಂದಿನ ಸೀಟಿನಲ್ಲಿ ಕಾಕಾ ಕೂತದ್ದು ಅದೇ ಮೊದಲು. ಎಪ್ಪತ್ತು ದಾಟಿದ ಅವರಿಗೆ ಒಂದು ಕಣ್ಣು ಮಂಜಾಗಿತ್ತು. ಇನ್ನು ಓಡಿಸುವುದು ಸಾಕು ಎಂದು ಮನೆಮಂದಿಯೆಲ್ಲ ಗೋಗರೆದರೂ ಕೇಳಿರಲಿಲ್ಲ. ಕೊನೆಗೆ ನನಗೊಂದು ಷರತ್ತು ಹಾಕಿದರು: ಅರಬೈಲ್ ಘಟ್ಟ ಇಳಿಸಿ, ಹತ್ತಿಸಿ ತೋರಿಸಿದರೆ ಗಾಡಿ ನನ್ನದು, ಅವರು ಮತ್ತೆ ಮುಟ್ಟುವುದಿಲ್ಲ.

ಧಾರವಾಡದ ಸಾಲೆಯಲ್ಲಿ ಪಾಠ ಹೇಳುವ ನಾನು ದಿನಾ ಸ್ಕೂಟರ್ ಓಡಿಸುವವಳೇ. ಆದರೂ ಒಳಗೊಳಗೇ ಪುಕ್ಕಲು. ಎಡಕ್ಕೆ ಎಂಥ ತಿರುವಿದ್ದರೂ ಸರಿ, ಬಲಕ್ಕೆ ತಿರುಗುವಾಗ ಮಾತ್ರ ಕೈ ಬಿಗಿಯುತ್ತಿತ್ತು.

ಕಲಘಟಗಿಯವರೆಗೆ ದಟ್ಟ ಮಂಜು. ಅಲ್ಲಿ ಬಿಸಿ ಮಿರ್ಚಿ ತಿಂದು, ಚಹಾ ಕುಡಿದು, ಬೆರಳು ಕಾಯಿಸಿಕೊಂಡೆವು. ಹುಬ್ಬಳ್ಳಿಯಿಂದ ಸುಮಾರು ಎಪ್ಪತ್ತು ಕಿಲೋಮೀಟರ್ ದೂರದ ಯಲ್ಲಾಪುರದವರೆಗೂ ಕಾಕಾ ಹಿಂದಿನಿಂದ ಯಾವ ಗೇರು ಹಾಕಬೇಕೆಂದು ಹೇಳುತ್ತಲೇ ಬಂದರು. ನನಗೆ ತಲೆ ಕೆಟ್ಟುಹೋಗಿತ್ತು.

ಯಲ್ಲಾಪುರ ದಾಟಿದ ಮೇಲೆ ಘಟ್ಟ ಶುರುವಾಯಿತು. ಮೂರನೆಯ ಬಲ ತಿರುವಿನಲ್ಲಿ ಗಾಡಿ ನನ್ನ ಮಾತು ಕೇಳದೆ ಎಡಗಡೆಯ ಗಟಾರಿನತ್ತ ಸರಿಯಿತು. ಬ್ರೇಕ್ ಒತ್ತಿ ಅಂಚಿನಲ್ಲಿ ನಿಲ್ಲಿಸಿದೆ. ಹಿಂದಿದ್ದ ಲಾರಿಯವನು ಬೈದುಕೊಂಡು ಹೋದ. ಕಾಕಾ ಬೈಯಲಿಲ್ಲ, ಒಂದು ಕಲ್ಲಿನ ಮೇಲೆ ಕೂತರು.

"ತಪ್ಪು ನಂದ ಐತಿ, ಯವ್ವಾ. ಕಣದಾಗ ನಿನಗ ಎಡಕ್ಕಷ್ಟ ಸುತ್ತಿಸೇನಿ."

ನನಗೆ ಎಲ್ಲ ನೆನಪಾಯಿತು. ಜೋಳದ ರಾಶಿ ಮುಗಿದ ಮೇಲೆ ಖಾಲಿ ಕಣ, ನಡುವೆ ಮೇಟಿ ಕಂಬ, ಅದನ್ನು ಹಿಡಿದು ನಿಂತ ಕಪ್ಪು ಮೀಸೆಯ ಕಾಕಾ, ಹದಿನೇಳರ ನಾನು. ನಮ್ಮ ಎತ್ತುಗಳು ಮೇಟಿಯ ಸುತ್ತ ಎಡಕ್ಕೇ ತಿರುಗಿ ದಾರಿ ಗಟ್ಟಿ ಮಾಡಿಟ್ಟಿದ್ದವು. ಗಾಡಿ ಕಲಿಯುತ್ತ ನಾನೂ ಅದೇ ದಾರಿಯಲ್ಲಿ ದಿನಗಟ್ಟಲೆ ಸುತ್ತಿದೆ. ಬಲಕ್ಕೂ ತಿರುಗಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ. ಎಂಥ ಸುಖದ ದಿನಗಳವು!

"ಬಲಕ್ಕ ಹೊಳ್ಳೂವಾಗ ನೀ ಗಟಾರ ನೋಡ್ತಿ. ಎಲ್ಲಿ ನೋಡ್ತಿ, ಗಾಡಿ ಅಲ್ಲೇ ಹೋಗ್ತೈತಿ. ತಿರುವು ಮುಗಿಯೂ ಕಡೆ ನೋಡು," ಎಂದರು.

ತಿರುವಿಗೆ ಮೊದಲೇ ವೇಗ ಇಳಿಸು, ಒಳಹೊಕ್ಕ ಮೇಲೆ ಬ್ರೇಕ್ ಮುಟ್ಟಬೇಡ ಎಂದೂ ಹೇಳಿಕೊಟ್ಟರು. ಮುಂದಿನ ಪ್ರತಿ ಬಲ ತಿರುವಿಗೂ ನನ್ನ ಬಲ ಭುಜ ಒತ್ತುತ್ತಿದ್ದರು. ಕೆಳಗೆ ಮುಟ್ಟಿ, ಎಳನೀರು ಕುಡಿದು ಹಿಂತಿರುಗಿದೆವು. ಹತ್ತುವಾಗ ಅರ್ಧ ದಾರಿಯಲ್ಲಿ ಒತ್ತುವುದು ನಿಂತಿತು. ಗೇರು ಹೇಳುವುದೂ ನಿಂತಿತು. ಗಾಡಿ ಬಲಕ್ಕೆ ಸಲೀಸಾಗಿ ವಾಲಿ ಏಳುತ್ತಿತ್ತು. ನನಗೆ ಹಾಡಬೇಕೆನ್ನಿಸಿತು.

ಐದು ಗಂಟೆಗೆ ಸುಳ್ಳ ಸೇರಿದೆವು. ಗಾಡಿ ಬಿಟ್ಟುಕೊಡಬೇಕಾದ ಕಾಕಾನ ಬಾಡಿದ ಮುಖ ನೋಡಿ ನನ್ನ ಖುಷಿ ಇಳಿದುಹೋಯಿತು. ಗಾಡಿ ಒಂದು ವಾರ ಇಲ್ಲೇ ಇರಲಿ, ನಾನು ಧಾರವಾಡಕ್ಕೆ ಬಸ್ಸಿಗೆ ಹೋಗುತ್ತೇನೆ ಎಂದೆ.

"ಬ್ಯಾಡ. ಇವತ್ತ ಒಯ್ಯಿ. ಮುಂಜಾನಿ ಅಂಗಳದಾಗ ಕಂಡ್ರ ನಾ ಹತ್ತತೇನಿ."

ಕಿಕ್ ಹೊಡೆದೆ. ಓಣಿಯ ತುದಿಯಲ್ಲಿ ಕನ್ನಡಿ ನೋಡಿದಾಗ, ಕಾಕಾ ಗಾಡಿ ನಿಲ್ಲುತ್ತಿದ್ದ ಜಾಗಕ್ಕೆ ಹಗ್ಗದ ಹೊರಸು ಎಳೆದು ಹಾಕುತ್ತಿದ್ದರು.