ಡೀನ್ ಸಾಹೇಬರ ಆಷಾಢ

ನನ್ನ ಮಗಳನ್ನು ನೋಡಲು ಬಂದ ಹುಡುಗನ ಅಪ್ಪ ಚಾಪೆಯ ಮೇಲೆ ಕೂರುವ ಮೊದಲೇ "ನಾನು ಯೂನಿವರ್ಸಿಟೀಲಿ ಡೀನ್" ಎಂದರು. ಹಾಗೆಂದರೇನು ಎಂದು ನನಗೆ ಗೊತ್ತಿರಲಿಲ್ಲ. ನಮ್ಮ ಯಜಮಾನರಿಗೂ ಗೊತ್ತಿರಲಿಲ್ಲ. ಆದರೆ ಅವರು ಅಂಗಡಿ ನಡೆಸುವವರು, ಗೊತ್ತಿಲ್ಲದ್ದಕ್ಕೆಲ್ಲ ತಲೆಯಾಡಿಸಿ ಅಭ್ಯಾಸ.

ಎಪ್ಪತ್ತರ ದಶಕದ ಮಾತು. ರಾಜಾಜಿನಗರದಲ್ಲಿ ನಮ್ಮದು ದಿನಸಿ ಅಂಗಡಿ. ನಾನು ಓದಿದ್ದು ಎರಡನೇ ಕ್ಲಾಸು, ಅದೂ ಮೇಷ್ಟ್ರ ದಯೆಯಿಂದ. ಮಗಳು ಮಾತ್ರ ಬಿ.ಎ. ಮಾಡಿದ್ದಳು. ಎರಡು ಸಂಬಂಧ ಬಂದು ಮುರಿದಿದ್ದವು. ಒಬ್ಬರು ಬಣ್ಣ ಸಾಲದು ಎಂದರು, ಇನ್ನೊಬ್ಬರು ಓದು ಹೆಚ್ಚಾಯಿತು ಎಂದರು. ಈ ಹುಡುಗ ಬ್ಯಾಂಕಿನಲ್ಲಿ ಗುಮಾಸ್ತ. ಮಾತು ಕಡಿಮೆ. ಕೊಟ್ಟ ಉಪ್ಪಿಟ್ಟನ್ನು ಪೂರ್ತಿ ತಿಂದ. ಅವರು ಹೋದ ಮೇಲೆ ಮಗಳು ತಟ್ಟೆ ತೊಳೆಯುತ್ತ "ಇವರಾದ್ರೆ ಆಗಬಹುದಮ್ಮ" ಎಂದಳು. ಅವಳು ಬಾಯಿಬಿಟ್ಟು ಹಾಗೆ ಹೇಳಿದ್ದು ಅದೇ ಮೊದಲು. ತಾಂಬೂಲ ಬದಲಾಯಿಸಿಕೊಂಡೆವು.

ವಾರ ಕಳೆಯುವುದರೊಳಗೆ ಬೀಗರಿಂದ ಸುದ್ದಿ ಬಂತು. ಮದುವೆ ಆಷಾಢದಲ್ಲೇ ಆಗಬೇಕಂತೆ! ಜ್ಯೇಷ್ಠದಲ್ಲಿ ಉಳಿದದ್ದು ನಾಲ್ಕೇ ದಿನ, ಛತ್ರ ಸಿಗುವುದಿಲ್ಲ. ಶ್ರಾವಣ ಬರುವಷ್ಟರಲ್ಲಿ ಅವರ ಡೀನ್‌ಗಿರಿಯ ಅವಧಿ ಮುಗಿಯುತ್ತದೆ, ಸರದಿಯ ಪ್ರಕಾರ ಇನ್ನೊಬ್ಬರು ಆಗುತ್ತಾರೆ. ಡೀನ್ ಮಗನ ಮದುವೆಯೆಂದರೆ ವೈಸ್ ಛಾನ್ಸಲರ್ ಬರುತ್ತಾರೆ, ಬರೀ ಮೇಷ್ಟ್ರ ಮಗನ ಮದುವೆಗೆ ಯಾರು ಬರುತ್ತಾರೆ? ಆಷಾಢವೆಲ್ಲ ಮೂಢನಂಬಿಕೆ ಎಂದೂ ಹೇಳಿಕಳಿಸಿದ್ದರು. ಹೆಣ್ಣು ನೋಡಲು ಬಂದ ದಿನ ರಾಹುಕಾಲ ಕಳೆಯಲಿ ಎಂದು ಟ್ಯಾಕ್ಸಿಯನ್ನು ನಮ್ಮ ಬೀದಿಯ ಮೂಲೆಯಲ್ಲಿ ನಿಲ್ಲಿಸಿಕೊಂಡು ಒಳಗೇ ಬೆವರುತ್ತ ಕೂತಿದ್ದ ಮಹಾನುಭಾವರು ಇವರೇ.

"ಒಪ್ಕೊಳ್ಳೋಣ ಕಣೇ. ಮೂರನೇ ಸಂಬಂಧಾನೂ ಕೈಬಿಟ್ಟು ಹೋದ್ರೆ?" ಎಂದರು ಯಜಮಾನರು.

ನನಗೆ ದೇವರ ಭಯ ಅಷ್ಟಿರಲಿಲ್ಲ, ಜನರ ಭಯ ಇತ್ತು. ಆಷಾಢದಲ್ಲಿ ತಾಳಿ ಕಟ್ಟಿಸಿದರೆ ಜನ ಶಾಸ್ತ್ರದ ಮಾತು ಎತ್ತುವುದಿಲ್ಲ, ಹುಡುಗಿಗೆ ಏನು ಅವಸರವಿತ್ತು ಎಂದು ಬೆರಳು ಮಡಿಸಿ ತಿಂಗಳು ಎಣಿಸುತ್ತಾರೆ.

ಮೊದಲು ಈ ಡೀನ್ ಎಂಬುದು ಎಷ್ಟು ದೊಡ್ಡದೆಂದು ತಿಳಿಯಬೇಕಿತ್ತು. ಪಕ್ಕದ ರಸ್ತೆಯ ಚರ್ಚಿನ ಫಾದರ್ ನಮ್ಮ ಗಿರಾಕಿ. ಸುತ್ತಲಿನ ಚರ್ಚುಗಳಿಗೆಲ್ಲ ಹಿಂದೆ ಅವರೂ ಡೀನ್ ಆಗಿದ್ದವರು ಎಂದು ಕೇಳಿದ್ದೆ. ಅಕ್ಕಿಗೆ ಬಂದಾಗ ಕೇಳಿದೆ.

"ಫಾದರ್, ಡೀನ್ ಅಂದ್ರೆ ಎಷ್ಟು ದೊಡ್ಡೋರು?"

"ಯಾಕಮ್ಮ, ಯಾರಾದ್ರೂ ಹೆದರಿಸಿದ್ರಾ?"

"ಹೆದರಿಸಿಲ್ಲ, ಬೀಗರಾಗ್ತಾ ಇದಾರೆ."

ಅವರು ನಕ್ಕುಬಿಟ್ಟರು. "ಅದು ಲ್ಯಾಟಿನ್ ಮಾತಮ್ಮ, ಹತ್ತು ಅನ್ನೋದ್ರಿಂದ ಬಂದಿದ್ದು. ಹಿಂದೆ ನಮ್ಮ ಸನ್ಯಾಸಿಗಳ ಮಠದಲ್ಲಿ ಹತ್ತು ಜನಕ್ಕೆ ಒಬ್ಬ ಹಿರಿಯನ್ನ ಇಡ್ತಿದ್ರು. ಅವನೇ ಡೀನ್. ಆಮೇಲೆ ಕಾಲೇಜಿನವರೂ ಆ ಹೆಸರು ತಗೊಂಡ್ರು."

"ಹತ್ತಾಳಿನ ಮೇಸ್ತ್ರಿ ಅನ್ನಿ."

"ಅನ್ನಬಹುದು."

"ನಿಮ್ಮದು ಹೋದ್ಮೇಲೆ ಏನಾಯ್ತು?"

"ಮೀಟಿಂಗು ಕಡಿಮೆ ಆದ್ವು. ಸೈಕಲ್ ಟೈರು ಉಳೀತು. ಇನ್ನೇನಿಲ್ಲ."

ಮರುದಿನವೇ ಯಜಮಾನರನ್ನು ಎಬ್ಬಿಸಿಕೊಂಡು ವಿಜಯನಗರದ ಬೀಗರ ಮನೆಗೆ ಹೊರಟೆ. ಆಗ ದಾರಿಯಲ್ಲಿ ಇನ್ನೂ ರಾಗಿ ಹೊಲ ಸಿಗುತ್ತಿತ್ತು. ಬೀಗರ ಗೇಟಿನ ಬೋರ್ಡಿನಲ್ಲಿ ಹೆಸರು ಸಣ್ಣದಾಗಿತ್ತು, ಡೀನ್ ಎಂಬುದು ದಪ್ಪಗಿತ್ತು. ನನ್ನಂಥವಳೂ ರಸ್ತೆಯಿಂದಲೇ ಓದಬಹುದಿತ್ತು.

ಕಾಫಿ ಬಂತು. ಬೀಗರು ಶುರು ಮಾಡಿದರು. "ನೋಡಿ ತಾಯಿ, ಇಂಥ ಸೂಪರ್‌ಸ್ಟಿಷನ್ನೆಲ್ಲ ವಿದ್ಯಾವಂತರೇ ಮೊದಲು ಮುರೀಬೇಕು."

"ಮುರೀರಿ ಸಾರ್, ಬೇಡ ಅನ್ನಲ್ಲ. ನಿಮ್ಮ ಮನೇಲಿ ಹೆಣ್ಣುಮಗಳಿದ್ರೆ ಅವಳ ಮದುವೇಲಿ ಮುರೀರಿ."

"ಸುಮ್ನಿರೇ," ಎಂದು ಯಜಮಾನರು ನನ್ನ ಸೆರಗು ಎಳೆದರು.

"ಡೀನ್ ಅಂದ್ರೆ ಏನು ಅಂತ ನಿಮಗೆ ಅರ್ಥ ಆಗಿಲ್ಲ ಅನ್ಸುತ್ತೆ," ಎಂದರು ಬೀಗರು.

"ಆಗಿದೆ. ಹತ್ತು ಜನಕ್ಕೆ ಹಿರಿಯ. ನಿಮ್ಮಂಥ ಇನ್ನೊಬ್ಬ ಡೀನ್ ಸಾಹೇಬರೇ ಹೇಳಿದ್ರು. ಅವರದೂ ಹೋಯ್ತಂತೆ. ಆದ್ರೂ ನಮ್ಮಂಗಡಿ ಅಕ್ಕೀನೇ ತಿಂದ್ಕೊಂಡು ಚೆನ್ನಾಗಿದಾರೆ."

ಬೀಗರ ಮುಖ ಕೆಂಪಾಯಿತು. ಸಂಬಂಧ ಮುರಿಯಿತು ಎಂದೇ ಅಂದುಕೊಂಡೆ. ಹೇಗೂ ಮುರಿಯುವುದಾದರೆ ಹೇಳಬೇಕಾದ್ದನ್ನು ಹೇಳಿಯೇ ಮುರಿಯಲಿ ಎಂದು ಬೀಗಿತ್ತಿಯ ಕಡೆ ತಿರುಗಿದೆ.

"ಅಮ್ಮಾ, ಆಷಾಢದಲ್ಲಿ ಮದುವೆ ಮಾಡಿದ್ರೆ ಜನ ಇವರ ಕುರ್ಚಿ ನೋಡಲ್ಲ, ನನ್ನ ಮಗಳ ಹೊಟ್ಟೆ ನೋಡ್ತಾರೆ. ಆಮೇಲೆ ನಿಮ್ಮ ಮಗನ ಮುಖ ನೋಡ್ತಾರೆ."

ಆಕೆ ಕಾಫಿ ಲೋಟ ಕೆಳಗಿಟ್ಟರು. ಗಂಡನ ಕಡೆ ತಿರುಗಿ, "ರೀ, ಇದು ನಿಮಗೆ ಹೊಳೀಲಿಲ್ವಾ?" ಎಂದರು. ಯೂನಿವರ್ಸಿಟಿಯಲ್ಲಿ ಏನೇನೋ ಹೊಳೆಯುತ್ತಿದ್ದವರಿಗೆ ಇದೊಂದು ಹೊಳೆದಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹುಡುಗ ಅಲ್ಲಿಂದಲೇ, "ಶ್ರಾವಣದಲ್ಲೇ ಆಗ್ಲಿ ಅಪ್ಪ. ಇಲ್ದಿದ್ರೆ ನಾನು ಬರಲ್ಲ," ಎಂದ. ಇಷ್ಟು ಮಾತಿದ್ದರೆ ಸಂಸಾರಕ್ಕೆ ಸಾಕು ಎನಿಸಿತು.

ಬೀಗರು ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡರು. ಆಮೇಲೆ ಸಣ್ಣ ದನಿಯಲ್ಲಿ, "ಲಗ್ನಪತ್ರಿಕೆನಾದ್ರೂ ಆಷಾಢದಲ್ಲಿ ಹಂಚಬಹುದಲ್ವಾ? ಆಗ ಇನ್ನೂ ನಾನು..." ಎಂದರು.

"ಧಾರಾಳವಾಗಿ ಹಂಚಿ ಸಾರ್," ಎಂದೆ. ಕಾಗದವನ್ನು ಆಷಾಢದಲ್ಲಿ ಕಳಿಸಿದರೆ ಯಾರೂ ತಿಂಗಳು ಎಣಿಸುವುದಿಲ್ಲ.

ಹಂಚಿದರು. ಶ್ರಾವಣದಲ್ಲಿ ಮದುವೆಯಾಯಿತು. ವೈಸ್ ಛಾನ್ಸಲರ್ ಬರಲಿಲ್ಲ, ಒಂದು ಹೂಗುಚ್ಛ ಕಳಿಸಿದ್ದರು. ಹೊಸ ಡೀನ್ ಬಂದು ಮುಂದಿನ ಸೋಫಾದಲ್ಲಿ ಕೂತರು. ಅವರ ಮೇಲೆ ಪನ್ನೀರು ಚಿಮುಕಿಸಿದ್ದು ನಮ್ಮ ಬೀಗರೇ. ಊಟದ ಪಂಕ್ತಿಯಲ್ಲಿ ಬೀಗರು ಪಕ್ಕದ ಎಲೆಯವನಿಗೆ "ಹೋದ ತಿಂಗಳ ತನಕ ನಾನೇ..." ಎಂದು ಶುರು ಮಾಡಿದ್ದು ಕೇಳಿಸಿತು. ಆತ ತಲೆಯಾಡಿಸುತ್ತಲೇ ಬಡಿಸುವವನನ್ನು ಕರೆದು ಇನ್ನೊಂದು ಸೌಟು ಸಾರು ಹಾಕಿಸಿಕೊಂಡ. ಆಚೆ ನನ್ನ ಮಗಳು ಗಂಡನ ಪಕ್ಕದಲ್ಲಿ ಕೂತು ಹೊಟ್ಟೆ ತುಂಬ ಉಣ್ಣುತ್ತಿದ್ದಳು. ಅವಳ ಕಡೆ ನೋಡಿ ಬೆರಳು ಮಡಿಸುವವರು ಯಾರೂ ಇರಲಿಲ್ಲ.