ಎರಡೆರಡು ಕವಡೆ

ಅಜ್ಜಿಯ ಎಲೆಅಡಿಕೆ ಡಬ್ಬಿ ತೊಳೆಯಲು ತೆಗೆದರೆ ತಳದಲ್ಲಿ ನಾಲ್ಕು ಕವಡೆ! ಅದರಲ್ಲಿ ಯಾವತ್ತೂ ಇರುತ್ತಿದ್ದುದು ಎರಡೇ.

ಬಸವಾಪಟ್ಟಣದಲ್ಲಿ ಅಜ್ಜಿ ಮತ್ತು ಪಕ್ಕದ ಮನೆಯ ಜೈನಾಬಿ ದಿನಾ ಮಧ್ಯಾಹ್ನ ಚೌಕಾಬಾರ ಆಡುತ್ತಿದ್ದರು. ಆಟ ಮುಗಿದರೆ ಎರಡು ನುಣುಪು ಕವಡೆ ಈ ಡಬ್ಬಿಗೆ, ಇನ್ನೆರಡು ಜೈನಾಬಿಯ ಸೆರಗಿನ ಗಂಟಿಗೆ. ಎಷ್ಟೇ ಜಗಳವಾಡಿ ಎದ್ದರೂ ಮರುದಿನ ಆಡಬೇಕೆಂದರೆ ರಾಜಿಯಾಗಲೇಬೇಕಿತ್ತು.

"ಇದರೊಳಗೆ ಯಾರಿದ್ರು?" ಎಂದು ಒಮ್ಮೆ ಕವಡೆಯೊಂದನ್ನು ಹಿಡಿದು ಕೇಳಿದ್ದೆ.

"ಸಮುದ್ರದ ಹುಳ. ಮನೆ ನಮಗೆ ಬಿಟ್ಟು ಹೋಗೈತೆ," ಎಂದಿದ್ದರು ಜೈನಾಬಿ.

ಅವರು ಮನೆ ಖಾಲಿ ಮಾಡಿ ಹೊನ್ನಾಳಿಗೆ ಹೊರಟ ದಿನ ಅಜ್ಜಿಯ ಅಂಗೈಯನ್ನು ತಾವೇ ಮಡಚಿ, ಆ ಮುಷ್ಟಿ ಹಿಡಿದು ಬಹಳ ಹೊತ್ತು ನಿಂತಿದ್ದರು.

ಆಮೇಲೆ ನಾನು ಆಟಕ್ಕೆ ಕರೆದಾಗಲೆಲ್ಲ ಅಜ್ಜಿ, "ಇರಾವೇ ಎರಡು, ಹೆಂಗೆ ಆಡಾಕೆ ಆಗ್ತೈತೆ?" ಎಂದು ಡಬ್ಬಿ ಮುಚ್ಚುತ್ತಿದ್ದಳು.

ನಾಲ್ಕೂ ಈಗ ನನ್ನ ಅಂಗೈಯಲ್ಲಿವೆ. ಎಂಥಾ ಸುಳ್ಳಿ ನಮ್ಮಜ್ಜಿ!